ಸೊನ್ನೆ ಮಾರಿದ ಅಂಗಡಿ

ನಗಬೇಡಿ! ಏನ್ ನಗ್ತೀರಿ? ಆ ನಾರ್ತ್ ಹೋರ್ ಅನ್ನೋ ಮರಳುಗಾಡಿಂದ ಲಾರಿ ಹತ್ತಿ ನೈರೋಬಿಗೆ ಬಂದು, ನನ್ನ ಆಫೀಸಲ್ಲಿ, ನನ್ನೆದುರಿಗೇ ಕೂತು ನಗೋದಾ? ಅದೂ ಕೊಟ್ಟ ಚಾ ಮುಟ್ಟದೆ! ವಿಷ ಹಾಕಿಲ್ಲ, ಕುಡೀರಿ... ಬೇಡ್ವಾ? ಬೇಡ ಬಿಡಿ, ಆರಿ ತಣ್ಣಗಾಗ್ಲಿ. ಹಿರಿಯರು ಅಂತ ಬಾಯ್ತುಂಬಾ ಮ್ಜೇ, ಮ್ಜೇ ಅಂತಿದ್ದೀನಿ. ಬೇರೆ ಯಾರಾದ್ರೂ ಆಗಿದ್ರೆ ಇಷ್ಟೊತ್ತಿಗೆ ಕಾವಲಿನವನನ್ನ ಕರೆದು ಆಚೆ ಕಳಿಸ್ತಿದ್ದೆ.

ಇನ್ನೊಂದ್ಸಲ ಹೇಳ್ತೀನಿ, ಕಿವಿಗೊಟ್ಟು ಕೇಳಿ. ಗಲ್ಗಲ್ಲೊ ಅವರ, ಅಂದ್ರೆ ನಿಮ್ಮ, ಜಾನುವಾರು ಔಷಧಿ ಅಂಗಡಿ, ನಾರ್ತ್ ಹೋರ್. ಹೋದ ತಿಂಗಳ ಮಾರಾಟ, ಸೊನ್ನೆ. ಸೊನ್ನೆ! ನಾನಂದಿದ್ದಲ್ಲ, ಮೆಷಿನ್ ಅಂದಿದ್ದು. ಸೊನ್ನೆ ಮಾರೋ ಅಂಗಡೀನ ಯಾವ ಕಂಪನಿ ಸಾಕತ್ತೆ? ಮೇಲಿನ ಮಹಡೀಲಿ ಈಗ ಮೀಟಿಂಗ್ ಕೂತಿದೆ, ಊಟದ ಹೊತ್ತಿಗೆ ಸಹಿ ಬೀಳತ್ತೆ. ನಿಮ್ಮ ಸರಕೆಲ್ಲ ಮೆರು ಅಂಗಡಿಗೆ. ಮುಗೀತು. ಇಲ್ಲಿಂದ ನಮ್ಮೋರು ಫೋನ್ ಮಾಡಿ ಹೇಳಿದ್ರಲ್ಲ, ಅಷ್ಟು ಸಾಕಿತ್ತು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡೋನ ಥರ ಓಡಿಬರೋದೇನಿತ್ತು?

ಏನು? ಮೆಷಿನ್ ತಪ್ಪು ಮಾಡಿದ್ರೆ ಅಂತಾನಾ? ಅಯ್ಯೋ ದೇವ್ರೇ! ಅದೇನು ಒಂದು ಮೆಷಿನ್ ಅಂದ್ಕೊಂಡ್ರಾ? ಮುಂಚೆ ಇತ್ತು ಒಂದು. ದೇಶದ ಅಷ್ಟೂ ಅಂಗಡಿಗಳ ಒಂದೊಂದು ಸೂಜಿ, ಒಂದೊಂದು ಬಾಟಲಿ ಲೆಕ್ಕ ಅದರ ತಲೆ ಮೇಲೆ. ಸೋಮವಾರ ಶುರುಮಾಡಿದ್ರೆ ಗುರುವಾರ ಮುಗಿದ್ರೆ ಪುಣ್ಯ. ನಾನು ಬಂದ್ಮೇಲೆ ಕೆಲಸ ಹಂಚಿದೆ. ನಲವತ್ತು ಕಂಪ್ಯೂಟರ್, ಒಟ್ಟೊಟ್ಟಿಗೆ, ಒಂದೇ ಹೊತ್ತಲ್ಲಿ! ಹತ್ತು ಜನರ ಹುಲ್ಲುಕಡ್ಡಿ ಒಬ್ಬನಿಗೆ ತಲೆಹೊರೆ ಅಂತಾರಲ್ಲ, ಹಾಗೆ.

ನಮ್ಮ ಕಿಸೀ ಕಡೆ ಸಾವಿನ ಮನೆ ಅಡುಗೆ ನೋಡಿದ್ದೀರಾ ನೀವು? ಎಲ್ಲಿ ನೋಡ್ತೀರಿ! ಒಬ್ಬೊಬ್ಬ ಹೆಂಗಸಿಗೆ ಒಂದೊಂದು ಒಲೆ. ಒಬ್ಬಳು ಉಗಾಲಿ ಮುದ್ದೆ ತಿರುವ್ತಾಳೆ, ಒಬ್ಬಳು ಸೊಪ್ಪು, ಒಬ್ಬಳು ಮಾಂಸ. ಕೊನೇ ಪಾತ್ರೆ ಇಳಿಯೋ ತನಕ ಯಾರ ತಟ್ಟೆಗೂ ಬಡಿಸೋ ಹಾಗಿಲ್ಲ. ಬಡಿಸೋಕೆ ಹೋದ್ರೆ ನಮ್ಮಜ್ಜಿ ಸೌಟಲ್ಲೇ ಬಾರಿಸ್ತಿದ್ಲು! ಇಲ್ಲೂ ಅದೇ. ಅಂಗಡಿ ಹೆಸರಿನ ಮೇಲೆ ಪಾಲು ಹಂಚ್ತೀನಿ. ಒಂದು ಅಂಗಡಿಯದ್ದೆಲ್ಲ ಒಂದೇ ಕಂಪ್ಯೂಟರಿಗೆ. ಎಲ್ಲಾ ಮುಗಿಸಿದ ಮೇಲೆ ಕೂಡಿಸೋದು. ಹೋದ ವಾರ, ತಿಂಡಿ ಹೊತ್ತಿಗೆ ಇಡೀ ಕೀನ್ಯಾ ಲೆಕ್ಕ ಮೇಜಿನ ಮೇಲೆ ಇಡ್ತೀನಿ ಅಂತ ದೊಡ್ಡವರಿಗೆ ಮಾತು ಕೊಟ್ಟಿದ್ದೆ. ಇಟ್ಟೆ! ಎದ್ದು ನಿಂತು ಚಪ್ಪಾಳೆ ಹೊಡೆದ್ರು, ಗೊತ್ತಾ? "ಕ್ವಾಂಬೋಕಾ, ಗೆದ್ದುಬಿಟ್ಟೆ ಕಣಮ್ಮಾ, ಕಂಪಾಲಾ ಕಿಗಾಲಿ ಲೆಕ್ಕಾನೂ ಇನ್ನು ನಿನ್ನ ಕೈಗೇ" ಅಂದ್ರು.

ಯಾಕೆ ಹಾಗೆ ನೋಡ್ತೀರಿ? ಕೊನೇ ಪಾತ್ರೆ ಅಂದಾಗಿಂದ ನೋಡ್ತಾನೇ ಇದ್ದೀರಿ. ರೆಪ್ಪೆ ಹೊಡೀರಿ!

ನೀವು ಲೆಕ್ಕ ಕಳಿಸಿಲ್ಲ ಮ್ಜೇ. ಅಷ್ಟೇ ವಿಷಯ. ಕಳಿಸಿದ್ರೆ ತಾನೇ ಬರೋದು? ನಿಮ್ಮ ಸೀಮೇಲಿ ನೆಟ್‌ವರ್ಕ್ ಸಿಗೋದೇ ನಿಮ್ಮಂಗಡಿ ಮಾಡಿನ ಮೇಲೆ. ಕಾಲಾಚಾ, ದುಕಾನಾ, ಎಲ್ಲೆಲ್ಲಿ ಬಾವಿ ಇದೆಯೋ ಅಲ್ಲೆಲ್ಲ ಚೀಲದಲ್ಲಿ ಔಷಧಿ ಹೊತ್ತು ಮಾರೋರೆಲ್ಲ ನಿಮ್ಮ ಮಾಡು ಹತ್ತೋದು, ನಿಮ್ಮ ಹೆಸರಲ್ಲೇ ಲೆಕ್ಕ ಕಳಿಸೋದು. ಯಾರ್ರೀ ಹೇಳಿದ್ದು ಹಾಗ್ ಮಾಡಿ ಅಂತ? ಒಬ್ಬೊಬ್ಬರೂ ಬೇರೆ ಬೇರೆ ಹೆಸರು ಮಾಡ್ಕೊಳ್ಳಿ ಅಂತ ಬಡ್ಕೊಂಡ್ರೆ, "ನಾವೆಲ್ಲಾ ಒಂದೇ ಮನೆ ಮದಾಮ್" ಅಂತ ಹಲ್ಲು ಕಿರಿದ್ರಿ! ಒಂದೇ ಮನೆಯಂತೆ! ಈಗ ಅನುಭವಿಸಿ.

ಏನು, ಬೆರಳೆತ್ತಿದ್ರಿ? ...ಹೌದು, ಕಳಿಸಿಲ್ಲ ಅಂದೆ. ಕಳಿಸ್ತಾರೆ ಅಂತಾನೂ ಅಂದೆ. ಮಾತಿಗೆ ಅಂದಿದ್ದು ರೀ! ಮಾತಿನ ಬಾಲ ಹಿಡಿದು ಜಗ್ಗೋಕೆ ಅಷ್ಟು ದೂರದಿಂದ ಬಂದ್ರಾ?

ನಾನೇನು ಕಲ್ಲಾ? ಒಂಟೆಗಳಿಗೆ ಸೂರ್ರಾ ರೋಗ ಬಡಿದಿದೆ, ಗೊತ್ತು ನಂಗೆ. ನೊಣ ಕಚ್ಚತ್ತೆ, ಒಂಟೆ ದಿನಾ ಒಂದಿಷ್ಟು ಒಣಗತ್ತೆ, ಕೊನೆಗೆ ನಿಂತಲ್ಲೇ ಕುಸಿಯತ್ತೆ. ಒಂಟೆ ಹೋದ್ರೆ ಹಾಲು ಹೋಯ್ತು, ಹಾಲು ಹೋದ್ರೆ ಮಕ್ಕಳು... ಗೊತ್ತು ಅಂದ್ನಲ್ಲ! ಒಂದು ಸೂಜಿಮದ್ದಿಗೆ ಜನ ಎಲ್ಲಿಂದೆಲ್ಲಿಂದಲೋ ನಡ್ಕೊಂಡು ಬರ್ತಾರೆ. ಅಷ್ಟು ಮದ್ದು ಈ ದೇಶದಲ್ಲಿ ಇನ್ನೆಲ್ಲೂ ಖರ್ಚಾಗಿಲ್ಲ ಮ್ಜೇ, ನಿಮ್ಮದೊಂದೇ ಹೆಸರಲ್ಲಿ ಗುಡ್ಡೆ ಗುಡ್ಡೆ! ಮಿಕ್ಕ ಕಂಪ್ಯೂಟರ್‌ಗಳೆಲ್ಲ ಕೆಲಸ ಮುಗಿಸಿ ಸುಮ್ನೆ ಕೂತಿದ್ವು, ಒಂದು ಮಾತ್ರ ಏದುಸಿರು ಬಿಡ್ತಾ, ಬಿಡ್ತಾ... ದೊಡ್ಡವರ ಕಾರು ಗೇಟಿಗೆ ಬಂತು, ಅದಿನ್ನೂ ನಿಮ್ಮದನ್ನೇ ಎಣಿಸ್ತಿದೆ! ಎಷ್ಟೊತ್ತು ಅಂತ ಕಾಯ್ಲಿ? ಒಂದಕ್ಕೋಸ್ಕರ ಇಡೀ ದೇಶದ ಲೆಕ್ಕ ನಿಲ್ಲಿಸ್ಲಾ? ಒಂದು ಬಟನ್ ಒತ್ತಿದ್ರೆ, ಅದೊಂದನ್ನ ಬಿಟ್ಟು ಉಳಿದಿದ್ದೆಲ್ಲಾ ಕೂಡಿ...

...ನಾನೇನಂದೆ ಈಗ?

ಏನೂ ಅಂದಿಲ್ಲ. ನೀವೇನೂ ಕೇಳಿಸ್ಕೊಂಡಿಲ್ಲ. ...ಮ್ಜೇ? ಬೈಯಿರಿ. ನಗ್ರೀ, ಆಗ ನಗ್ತಿದ್ರಲ್ಲ! ಆ ಸೊನ್ನೆ ನಾನು ಹಾಕಿದ್ದಲ್ಲ. ಪಾಲು ಬರದ ಜಾಗದಲ್ಲಿ ಮೆಷಿನ್ನೇ ಸೊನ್ನೆ ಹಾಕ್ಕೊಳ್ಳತ್ತೆ. ಸಾಯಂಕಾಲ ಸೇರಿಸಿದ್ರಾಯ್ತು ಅಂದ್ಕೊಂಡೆ. ಅಷ್ಟರಲ್ಲಿ ಚಪ್ಪಾಳೆ ಹೊಡೆದುಬಿಟ್ರು. ಚಪ್ಪಾಳೆ ಹೊಡೆದೋರ ಮುಂದೆ ಹೋಗಿ, ತಡೀರಿ, ಇನ್ನೊಂದು ಬಾಕಿ ಇದೆ ಅನ್ನೋಕಾಗತ್ತಾ? ಅದೇ ಸೊನ್ನೆ ಇಟ್ಕೊಂಡು ಅಂಗಡೀನೇ ಮುಚ್ತಾರೆ ಅಂತ ನಂಗೇನು ಕನಸು ಬಿದ್ದಿತ್ತಾ?

ಎಲ್ಲಿಗೆ ಎದ್ರಿ? ಮೇಲಕ್ಕಾ? ಹೋಗಿ! ಹೋಗಿ ಹೇಳಿ! ಧೂಳು ಮೆತ್ತಿದ ಚಪ್ಪಲೀಲಿ ಆ ರತ್ನಗಂಬಳಿ ಮೇಲೆ ನಿಂತು ಹೇಳಿ, ಯಾರು ನಂಬ್ತಾರೆ ನೋಡೋಣ. ಲೆಕ್ಕದ ವಿಷಯದಲ್ಲಿ ಅವರು ನಂಬೋದು ನನ್ನೊಬ್ಬಳನ್ನ. ನಾನು ಬಾಯಿ ಬಿಡಲ್ಲ. ಕೇಳಿಸ್ತಾ? ಬಿಡಲ್ಲ.

ಮತ್ಯಾಕೆ ನಿಂತ್ರಿ? ಹೊರಡಿ ಅಂದ್ನಲ್ಲ. ಬಾಗಿಲು ತೆರೆದು ಹಿಡ್ಕೊಂಡು ಯಾರಿಗೆ ಕಾಯ್ತಿದ್ದೀರಿ? ...ಹೊರಗಿನೋರೆಲ್ಲ ನೋಡ್ತಿದ್ದಾರೆ, ಬಾಗಿಲು ಬಿಡಿ. ಆ ಸ್ಪ್ರಿಂಗ್ ಬಿಗಿ ಇದೆ, ಕೈ ನೋಯತ್ತೆ. ಮ್ಜೇ, ಬಿಡಿ ಅಂದೆ... ದಮ್ಮಯ್ಯ ಅಂತೀನಿ, ಬಿಡಿ...

ಹಾಳಾದ್ದು! ಹಿಡ್ಕೊಂಡಿರಿ. ನಾನೂ ಮೇಲಕ್ಕೆ ಬಂದೆ.