ಎಡಗಡೆ ನಿಂತಾಂವ

ಸಿದರಾಯ ಮೊದಲನೇ ಸಲ ಮನಿ ಬಿಟ್ಟು ಹೋಗಿದ್ದು ನಾಗರಪಂಚಮಿ ಮರುದಿನ, ಒಂದು ಮಂಗಳವಾರ. ಏಳನೇತ್ತೆ ಸಾಲಿ ಅರ್ಧಕ್ಕ ಬಿಟ್ಟು, ಟವೆಲ್ಲಿನ್ಯಾಗ ಉಂಡಿ ಕಟಗೊಂಡು, ಖಾನಾಪುರ ಸ್ಟೇಷನ್ನಿನ್ಯಾಗ ಸಿಕ್ಕ ರೈಲು ಹತ್ತಿದ. ಆಮ್ಯಾಲ ಮಿರಜ, ಪುಣೆ, ವಾಪಿ... ಗ್ಯಾರೇಜು ಎಲ್ಲಿತ್ತೋ ಅಲ್ಲೇ ಊರು. ನಲವತ್ತರ ಹತ್ತಿರ ಬಂದಾಗ ಸಾಕಾಗಿತ್ತು. ಖಾನಾಪುರದಾಗಿನ ಅಕ್ಕ ಪ್ರಮಿಳಾಗ, ಈ ಸಲ ಇರ್ತೇನಿ ಅಂತ ಮಾತು ಕೊಟ್ಟು ಬೆಳಗಾವಿ ಉದ್ಯಮಬಾಗದ ಒಂದು ಗ್ಯಾರೇಜು ಸೇರಿದ. ನನ್ನ ಸೋದರತ್ತಿ ಮಗ ಅಂವ. ಅದಕ್ಕ ಇಷ್ಟು ಧೈರ್ಯದಿಂದ ಹೇಳಾಕತ್ತೇನಿ.

ದಿನಾ ಕಡೀ ಬಸ್ಸಿಗೆ ಇಳಿದು, ಹಾಳುಬಾವಿ ದಾಟಿ, ಆಲದ ಮರದ ಕೆಳಗ ಹಾದು ಮನಿಗೆ ಬರ್ತಿದ್ದ. ಅಲ್ಲಿ ಏನೂ ಕಾಣಲಿಲ್ಲ... ಒಂದು ದಿನಾನೂ. ಕಂಡದ್ದು ಗ್ಯಾರೇಜಿನ್ಯಾಗ. ಟ್ಯೂಬ್‌ಲೈಟಿನ ಬೆಳಕಿನ್ಯಾಗ, ಸಂಜಿ ಚಹಾ ಇನ್ನೂ ಆರದ ಹೊತ್ತಿನ್ಯಾಗ.

ಶಹಾಪುರದ ಕುನಾಲನ ಕಾರು ಅದು. ಪಾವರ್‌ಲೂಮ್ ಮನೆತನದ ಹುಡುಗ, ವೇಗದ ಹುಚ್ಚು. ಎಂಜಿನ್ನಿಗೆ ಗಾಳಿ ತುಂಬೂ ಟರ್ಬೊ ಇರತದಲ್ಲ, ಅದನ್ನ ತೆಗೆಸಿ ದೊಡ್ಡದು ಹಾಕಿಸಿದ್ದ. ಮುಂಜಾನೆ ಕಾರು ಬೇಕಂತ ಫೋನ್ ಮ್ಯಾಲ ಫೋನ್. ಕೊಡೂಕ್ಕಿಂತ ಮೊದಲು ಡೈನೊ ಮ್ಯಾಲ ಪರೀಕ್ಷೆ ಆಗಬೇಕು. ಅಂದ್ರ, ನೆಲದಾಗಿನ ರೋಲರ್ ಮ್ಯಾಲ ಗಾಲಿ ಇಟ್ಟು, ಪಟ್ಟಾ ಬಿಗಿದು, ಕಾರು ನಿಂತಲ್ಲೇ ಓಡಸೂದು. ಎಂಜಿನ್ನಿನ ತಾಕತ್ತು ಕಂಪ್ಯೂಟರಿನ್ಯಾಗ ಗೆರಿಯಾಗಿ ಏರತದ. ಆ ಸಪ್ಪಳದಾಗ ಕೂಗಿದ್ರ ಕೇಳೂದಿಲ್ಲ. ಎಲ್ಲಾ ಕೈಸನ್ನಿ. ಮಾಲಕರು ಬಾಳಾಸಾಹೇಬರು ಬಲಕ್ಕ, ಕಂಪ್ಯೂಟರ್ ಮುಂದ ನಿಂತು ಎರಡೂ ಕೈ ಅಡ್ಡ ಕಟ್ಟಿದ್ರ ಸೀಟಿನ್ಯಾಗಿನಾಂವ ಎಕ್ಸಲೇಟರ್ ಮ್ಯಾಲಿನ ಕಾಲು ತೆಗೀಬೇಕು.

ಈ ಕಾರು ನೆಟ್ಟಗ ದಾಟಿಸಿದ್ರ ಹೆಡ್ ಮಿಸ್ತ್ರಿ ಮಾಡ್ತೇನಿ ಅಂದಿದ್ರು ಅವರು. ಸಿದರಾಯಗ ಅದs ಬೇಕಾಗಿತ್ತು. ಒಂದು ಕಾಯಂ ಜಾಗಾ.

ಅಂವ ಸೀಟಿನ್ಯಾಗ ಕುಂತ. ಮುಂದಿನ ದೊಡ್ಡ ಫ್ಯಾನು ಭೊರ್ರ್ ಅಂತ ಸುರುವಾತು. ನಾಕನೇ ಗೇರು. ರೋಲರ್ ಗುಂಯ್... ಟರ್ಬೊ ಸ್ಸೀ ಅಂತ ಸಿಳ್ಳು ಹಾಕಿ ಮ್ಯಾಲ ಏರಾಕತ್ತಿತ್ತು... ಅಷ್ಟರಾಗ ಎಡಗಡೆ ಗಾಜಿನ ಆಚೆ ಒಬ್ಬಾಂವ. ಖಾಕಿ ಅಂಗಿ. ತಲೀ ಮ್ಯಾಲ ಅಂಗೈ ಇಟಗೊಂಡು ನಿಂತಿದ್ದ.

ಬಾಜೂ ಫೌಂಡ್ರಿಯಾಂವ ಯಾರೋ ಅಡ್ಡ ಬಂದಾನಂತ ಸಿದರಾಯ ಕಾಲು ತೆಗೆದ. ಪ್ಶ್ಶ್... ರೋಲರ್ ಸಾವಕಾಶ ನಿಂತವು.

ಮಂದಿ ಬಂದ್ರಿ ಅಂದ. ಯಾ ಮಂದಿ, ನಿದ್ದಿಗಣ್ಣಾಗ ನಿನ್ನ ಬೀಗರು ಬಂದ್ರೇನು ಅಂತ ಬೈದು, ಮತ್ತ ಹೊಡಿ ಅಂದ್ರು ಬಾಳಾಸಾಹೇಬರು.

ಎರಡನೇ ಸಲಾನೂ ಹಂಗ. ಸಿಳ್ಳು ಅದs ಎತ್ತರಕ್ಕ ಬಂದ ಕೂಡ್ಲೆ ಅಂವ ಬಂದ. ಇನ್ನೂ ಹತ್ತಿರ. ಮಾರಿ ಗಾಜಿಗೆ ಹತ್ತೂವಂಗ. ತಲೀ ಮ್ಯಾಲ ಅಂಗೈ.

"ನಾ ಕೈ ಕಟ್ಟೇ ಇಲ್ಲಲ್ಲೊ. ಯಾಕ ಬಿಟ್ಟಿ?"

"ನೀವಲ್ರಿ ಮಾಲಕರ. ಎಡಕ್ಕ ನಿಂತಾಂವ... ತಲೀ ಮ್ಯಾಲ ಕೈ ಇಟ್ಟಿದ್ದ."

ಬಾಳಾಸಾಹೇಬರು ಫ್ಯಾನು ಬಂದ್ ಮಾಡಿದ್ರು. ರೆಕ್ಕಿ ಟಕ್... ಟಕ್... ಟಕ್ ಅಂತ ನಿಂತ್ವು. ಆಮ್ಯಾಲ ಪಿಸುದನಿಯಾಗ ಅಂದ್ರು.

"ಎಡಕ್ಕ ಗ್ವಾಡಿ ಐತೆಲ್ಲೊ, ಸಿದರಾಯ."

ಹೊಳ್ಳಿ ನೋಡಿದ. ದಿನಾ ನೋಡೂ ಗ್ವಾಡಿನ, ಆ ಗದ್ದಲದಾಗ ಮರತಿದ್ದ. ಕಾರಿನ ಬಾಗಿಲಿಗೂ ಗ್ವಾಡಿಗೂ ನಡುವ ಒಂದು ಗೇಣು. ಬೆಕ್ಕು ಹಾದೀತು, ಮನಿಷ್ಯಾ ನಿಲ್ಲಾಕ ಆಗೂದಿಲ್ಲ.

"ಗ್ವಾಡಿ ಯಾವಾಗ ಕಟ್ಟಿಸಿದ್ರಿ?"

"ಸೋಮಲಿಂಗ ಹೋದ ಮ್ಯಾಲ."

ಸೋಮಲಿಂಗ ಹಿಂದಿನ ಹೆಡ್ ಮಿಸ್ತ್ರಿ. ಕಾರು ಓಡೂ ಮುಂದ ಹೆಡ್ ಮಿಸ್ತ್ರಿ ಎಡಕ್ಕ ನಿಂತು ಟರ್ಬೊ ನೋಡಬೇಕು, ಅದು ಆ ಗ್ಯಾರೇಜಿನ ಪದ್ಧತಿ. ಹೊಗಿಯಾಗ ಕೈ ಕಟ್ಟಿದ್ದು ಕಾಣೂದಿಲ್ಲಂತ ಅಂವ ನಿಲ್ಲಸು ಅನ್ನಾಕ ತಲೀ ಮ್ಯಾಲ ಅಂಗೈ ಇಡ್ತಿದ್ದ. ಒಂದು ದಿನ ಟರ್ಬೊ ಒಡೆದು ಚೂರು ಸಿಡೀತು. ಅಂವ ನಿಂತಲ್ಲೇ ಕುಸಿದ. ಸನ್ನಿ ಮಾಡಿದ್ದ ಅಂತಾರ. ಸೀಟಿನ್ಯಾಗ ಇದ್ದಾವ್ರು ಕಾಲು ತೆಗೀಲಿಲ್ಲ.

ಅವತ್ತ ಸೀಟಿನ್ಯಾಗ ಯಾರಿದ್ರು ಅಂತ ಸಿದರಾಯ ಕೇಳಲಿಲ್ಲ. ಬಾಳಾಸಾಹೇಬರು ಟವೆಲ್ಲಿಲೆ ಮಾರಿ ಒರಸಿಕೊಂಡ್ರು... ಭಾಳ ಹೊತ್ತು ಒರಸಿಕೊಂಡ್ರು.

ಸಿದರಾಯ ಗಾಳಿ ಪೈಪು ಬಿಚ್ಚಿ ಟಾರ್ಚ್ ಹಾಕಿದ. ಟರ್ಬೊದ ಒಂದು ರೆಕ್ಕಿ ಬುಡಕ್ಕ ಕೂದಲೆಳಿಯಷ್ಟು ಬಿರುಕು. ಇನ್ನೊಂಚೂರು ಒತ್ತಿದ್ರ ಸಿಡೀತಿತ್ತು. ಅದನ್ನ ತೆಗೆದು ಹಳೇದು ಕೂಡಿಸಿದ. ಮುಂಜಾನೆ ಕುನಾಲ ಬಂದು, ನೀವು ಎತ್ತಿನ ಗಾಡಿಗೆ ಲಾಯಕ್ ಮಂದಿ ಅಂತ ಗೊಣಗಿ ಕಾರು ತಗೊಂಡು ಹೋದ.

ಅಂವ ಹೋದ ಮ್ಯಾಲ ಬಾಳಾಸಾಹೇಬರು ಸಿದರಾಯನ ಹೆಗಲ ಮ್ಯಾಲ ಕೈ ಇಟ್ರು. "ಇವತ್ತಿಂದ ಹೆಡ್ ಮಿಸ್ತ್ರಿ ನೀನs. ಗ್ವಾಡಿ ಒಡಸ್ತೇನಿ. ಎಡಕ್ಕ ನೀ ನಿಂದ್ರು."

ಸಿದರಾಯ ಕೈಯಾಗಿನ ಟಾರ್ಚ್ ಕೆಳಗಿಟ್ಟ. ಖಾನಾಪುರ ಬಸ್ಸು ಹತ್ತಿದ.

ಮನ್ಯಾಗ ಚೀಲದಾಗ ಅರಿವಿ ತುರಕಾಕತ್ತಿದ್ದ. ಅಕ್ಕ ಬಾಗಿಲಿಗೆ ಬಂದು ನಿಂತ್ಳು. ನಾನೂ ಅಲ್ಲೇ ಕುಂತಿದ್ನಿ.

"ಹೆಡ್ ಮಿಸ್ತ್ರಿ ಮಾಡ್ಯಾರಂತಲ್ಲೊ ಸಿದ್ಯಾ. ಮತ್ತೆಲ್ಲಿಗೆ?"

"ಆ ಜಾಗಾ ಖಾಲಿ ಇಲ್ಲಕ್ಕ."

ದಣಿದಿದ್ದ. ಹೋಗೂ ಮನಸೂ ಇರಲಿಲ್ಲ, ನೋಡಿದ್ರ ಗೊತ್ತಾಗ್ತಿತ್ತು. ನನ್ನ ಕೈಯಾಗ ಫೋನು ಕೊಟ್ಟ. ಕಂಪ್ಯೂಟರ್ ಬಂದ್ ಮಾಡೂ ಮುಂದ ಅಂವ ಹೊಡದ ಫೋಟೊ. ಓಡಿಸಿದ್ದು ಎರಡು ಸಲ. ಎರಡೂ ಗೆರಿ ಅರ್ಧಕ್ಕ ನಿಂತಿದ್ವು. ಆದ್ರ ಗೆರಿ ಮೂರು ಇದ್ವು. ಮೂರನೇದು ಅವೆರಡನ್ನ ದಾಟಿ, ತುದೀತನಕ ಏರಿ, ಅಲ್ಲಿಂದ, ಟರ್ಬೊ ಒಡೆದಾಗ ಬೀಳೂವಂಗ, ಸೀದಾ ಕೆಳಗ ಬಿದ್ದಿತ್ತು.

ಸುಳ್ಳಂದ್ರ ಸುಳ್ಳು ಅನ್ರಿ. ಮೂರು ಗೆರಿ ನಾ ಎಣಿಸೇನಿ. ಅಂವ ಫೋನು ಇಸ್ಕೊಂಡು ಕಿಸೇದಾಗ ಇಟ್ಟು, ಚೀಲದ ಚೈನು ಎಳೆದ.