ಇದ್ದಲಿ ಇಲ್ಲದ ಡಬ್ಬಿ

ಬಾಗಲಾ ಮುಂದ ಮಾಡ್ರಿ ಮೊದಲ... ಹಾಂ. ಈಗ ಹೇಳ್ತೇನಿ. ಆಮ್ಯಾಲ ಬಚ್ಚಲಕ್ಕ ಹೋಗಾಕ ಅಂಜಿಕಿ ಬರ್ತೈತಿ ಅಂತ ನನ್ನ ಎಬ್ಬಸಬ್ಯಾಡ್ರಿ ಮತ್ತ.

ಇದು ನಮ್ಮ ಓಣ್ಯಾಗಿನ ವಿದ್ಯಾಗ ಆಗಿದ್ದು. ಲಾರಿ ಗ್ಯಾರೇಜಿನ ಮೈಲಾರಿ ಹೇಂತಿ, ಆಕಿ. ಎರಡ ಸಾವಿರದ ಮೂರನೇ ಇಸ್ವಿ ಇರಬೇಕು. ಅವತ್ತ ರಾತ್ರಿ ಗಂಡಾ ಹೇಂತಿ ಇಬ್ಬರೂ ಹಳೇ ಹುಬ್ಬಳ್ಳಿ ಸ್ಟಾಪಿನ್ಯಾಗ ಕಡೀ ಬಸ್ಸು ಇಳದು ಓಣಿ ಕಡೆ ನಡಕೋತ ಬರಾಕತ್ತಿದ್ರು. ಕರೆಂಟ ಹೋಗಿತ್ತು. ಅಂಗಡಿ ಎಲ್ಲಾ ಬಂದ್. ವಿದ್ಯಾ ಲಗ್ನದ ರೇಶ್ಮಿ ಸೀರಿ ಉಟ್ಟಿದ್ಲು, ಕೈಯಾಗ ಒಂದು ಸ್ಟೀಲಿನ ಡಬ್ಬಿ. ಮೈಲಾರಿ ಕೈಯಾಗ ಸೂಟಕೇಸು. ಮುಂದ ಹಳೇ ಬಾವಿ... ಈಗ ಮ್ಯಾಲ ಕಬ್ಬಿಣದ ಜಾಳಗಿ ಹಾಕ್ಯಾರಲ್ಲ, ಅದ ಬಾವಿ. ಆವಾಗ ತೆರದ ಇತ್ತು.

"ಲಗೂ ನಡೀರಿ," ಅಂದ್ಲು ವಿದ್ಯಾ, ಸಣ್ಣ ದನಿಲೆ.

"ನಡ್ಯಾಕತ್ತೇನಿ. ನೀ ಎಡವಬ್ಯಾಡ."

ಅಷ್ಟೊತ್ತಿನ್ಯಾಗ ಅವರು ಅಲ್ಲಿ ಇರೂದ ಅಲ್ಲ. ಧಾರವಾಡದಾಗ ಒಂದು ದೊಡ್ಡ ಹೊಟೇಲಿನ್ಯಾಗ, ಮೆತ್ತನ್ನ ಗಾದಿ ಮ್ಯಾಲ ಮಕ್ಕೊಂಡಿರಬೇಕಾಗಿತ್ತು. ಅದೂ ಪುಕ್ಕಟ.

ಹೆಂಗ ಅಂದ್ರ, ಎಂಜಿನ್ ಆಯಿಲ್ ಡಬ್ಬಿ ಒಳಗ ಆವಾಗ ಕೂಪನ್ ಬರ್ತಿದ್ವು. ಕಂಪನಿಯವರು ಮೆಕ್ಯಾನಿಕ್ ಮಂದೀಗೆ ಅಂತ ಹಾಕ್ತಿದ್ರು. ಒಂದೊಂದು ಕೂಪನ್ನಿಗೆ ಇಷ್ಟಿಷ್ಟು ಪಾಯಿಂಟು. ಮೈಲಾರಿ ಕೈಗೆ ಎಷ್ಟ ಜಿಡ್ಡು ಇದ್ರೂ ಕೂಪನ್ ಮಾತ್ರ ಒರಸಿ ಒರಸಿ ಜೋಪಾನ ಇಡಾಂವ. ಪಾಯಿಂಟು ಸಾಕಷ್ಟು ಆದಮ್ಯಾಲ ಕಂಪನಿಯವರು ಕೇಳಿದ್ರು, ಮಿಕ್ಸರ ಬೇಕೋ, ಗಂಡಾ ಹೇಂತೀಗೆ ಶನಿವಾರ ರವಿವಾರ ಹೊಟೇಲಿನ್ಯಾಗ ವಸ್ತಿ ಬೇಕೋ ಅಂತ.

"ಮಿಕ್ಸರ!" ಅಂದ್ಲು ವಿದ್ಯಾ. "ಚಟ್ನಿ ರುಬ್ಬಿ ರುಬ್ಬಿ ರಟ್ಟಿ ಬಿದ್ದು ಹೋಗ್ಯಾವ ನನ್ನವು."

"ಮಿಕ್ಸರ ಯಾವಾಗರೆ ತಂದ್ರಾತು. ಲಗ್ನ ಆದಾಗಿಂದ ನಿನ್ನ ಎಲ್ಲಿ ಕರಕೊಂಡು ಹೋಗೇನಿ ಹೇಳು?" ಅಂದ ಮೈಲಾರಿ. ಹಂಗ ಅಂದಮ್ಯಾಲ ಆಕಿನೂ ಹೂಂ ಅಂದ್ಲು.

ಪುಣೆ ಕೇಳಿದ್ರು, ತುಂಬಿತ್ತು. ಪಣಜಿ ಕೇಳಿದ್ರು, ಅದೂ ತುಂಬಿತ್ತು. ಕಡೀಕ ಸಿಕ್ಕಿದ್ದು ಧಾರವಾಡ! ಓಣ್ಯಾಗ ಎಲ್ಲಾರೂ ಬಿದ್ದು ಬಿದ್ದು ನಕ್ಕರು. ಕೆಳಗಿನ ಕಿರಾಣಿ ಅಂಗಡಿ ಫಕ್ರುಸಾಬ ಅಂತೂ, "ಮೈಲಾರಿ, ಪಾಸ್‌ಪೋರ್ಟ್ ಮಾಡಿಸಿಯೇನಪಾ?" ಅಂತ ಕಾಡಿದ್ದ ಕಾಡಿದ್ದು.

ಕಾಗದದಾಗ ಇಬ್ಬರಿಗೆ ಅಂತ ಬರದಿತ್ತು. ಹಂಗಾಗಿ ನಾಕು ವರ್ಷದ ಮಗಳು ಗೀತಾಂಜಲೀನ ಅತ್ತಿ ಶರಣವ್ವನ ಕಡೆ ಬಿಟ್ರು. ಹುಡುಗಿ ಸೆರಗ ಹಿಡಕೊಂಡು ಬಿಡವಲ್ದು. ವಿದ್ಯಾ ಆಕಿ ಕಿವ್ಯಾಗ, ಯಾರಿಗೂ ಕೇಳಲಾರದಂಗ, "ನಿನಗೊಬ್ಬಾಕಿಗೆ ಜಾಮೂನು ತರ್ತೇನಿ, ಅಜ್ಜಿಗೆ ಹೇಳಬ್ಯಾಡ," ಅಂದು ಬಿಡಿಸ್ಕೊಂಡು ಹೋದ್ಲು.

ಹೊಟೇಲಿಗೆ ಹೋದ್ರ, ಏನ ಮರ್ಯಾದಿ ಅಂತೀರಿ! ಬಾಗಲದಾಗ ಶರಬತ್ತು. ಖೋಲ್ಯಾಗ ಹಣ್ಣಿನ ಬುಟ್ಟಿ. ನಲ್ಲಿ ತಿರವಿದ್ರ ಬಿಸಿನೀರು. ಸಣ್ಣ ಸಣ್ಣ ಸಾಬಾಣ ಇದ್ವಲ್ಲ, ವಿದ್ಯಾ ಬಂದ ಕೂಡ್ಲೆ ಎಲ್ಲಾ ಪರ್ಸಿನ್ಯಾಗ ಹಾಕ್ಕೊಂಡ್ಲು. ಆದ್ರ ಕೌಂಟರಿನಾಂವ ಒಂದು ಮಾತು ಅಂದುಬಿಟ್ಟ.

"ಐದು ವರ್ಷದೊಳಗಿನ ಮಕ್ಕಳಿಗೂ ಫ್ರೀ ಇತ್ತಲ್ರಿ. ಕರಕೊಂಡು ಬರಬೇಕಿತ್ತು."

ಅಷ್ಟ. ವಿದ್ಯಾ ಗ್ಲಾಸು ಕೆಳಗ ಇಟ್ಲು. ಪಾಪ, ಕೂಸು ಅಲ್ಲಿ ಅಳಾಕತ್ತೈತಿ, ನಾ ಇಲ್ಲಿ ಶರಬತ್ತು ಕುಡ್ಯಾಕತ್ತೇನಿ ಅಂತ.

ರಾತ್ರಿ ಊಟ ಎಷ್ಟ ಬೇಕಾದ್ರೂ ಹಾಕ್ಕೊಂಡು ತಿನ್ನೂದು. ಆಕಿಗೆ ತುತ್ತು ಇಳೀವಲ್ದು. ಯಾರೂ ನೋಡಲಾರದಂಗ ಡಬ್ಬ್ಯಾಗ ಕರದ ಕೋಳಿ ಹಾಕಿದ್ಲು, ಒಂದು ಸಣ್ಣ ಬಟ್ಲದಾಗ ಜಾಮೂನು ಹಾಕಿ ಅದನ್ನೂ ಒಳಗ ಇಟ್ಲು. ಆಮ್ಯಾಲ ಕೌಂಟರಿಗೆ ಬಂದು ಫಕ್ರುಸಾಬನ ಅಂಗಡಿಗೆ ಫೋನ್ ಹಚ್ಚಿದ್ಲು.

"ವಿದ್ಯಾವ್ವಾ, ಗಾಬರಿ ಆಗಬ್ಯಾಡ," ಅಂದ ಫಕ್ರುಸಾಬ. "ಹುಡುಗೀಗೆ ಒಂಚೂರು ಜ್ವರಾ ಬಂದಾವ. ಅವ್ವಾ ಅವ್ವಾ ಅಂತ ಅತ್ತು ಅತ್ತು ಮಕ್ಕೊಂಡೈತಿ."

ಇನ್ನ ಆಕಿ ನಿಲ್ತಾಳ? ಆದ್ರ ಹೊರಡೂ ಹೊತ್ತಿನ್ಯಾಗ ಆಕಿಗೆ ನೆನಪಾತು. ನಮ್ಮ ಕಡೆ ರಾತ್ರಿ ಹೊತ್ತು ಕರದದ್ದು, ಬಾಡು, ಸೀ ಪದಾರ್ಥ ಹೊರಗ ಒಯ್ಯೂದಾದ್ರ ಮ್ಯಾಲ ಒಂದು ಇದ್ದಲಿ ಚೂರು ಇಟ್ಟ ಒಯ್ಯೂದು. ಇಲ್ಲಂದ್ರ ವಾಸನಿಗೆ ದೆವ್ವ ಬೆನ್ನ ಹತ್ತತಾವ ಅಂತ ನಿಮಗ ಗೊತ್ತೈತಿ. ಬಡಿಸಾವನ್ನ ಕರದು, "ಅಣ್ಣಾರ, ಒಂದು ಇದ್ದಲಿ ಚೂರು ಇದ್ರ ಕೊಡ್ರಿ," ಅಂತ ಕೇಳಿದ್ಲು.

"ಇಲ್ಲೆಲ್ಲಾ ಗ್ಯಾಸರೀ ಅಕ್ಕಾರ. ಇದ್ದಲಿ ಎಲ್ಲಿಂದ ತರೂದು?"

ಮೈಲಾರಿಗೆ ಮಾರಿ ಸಣ್ಣದಾತು. "ಮಾನಾ ಕಳೀಬ್ಯಾಡ, ನಡಿ," ಅಂದು ಸೂಟಕೇಸು ಎತ್ತಿದ. ಹಂಗ ಬಂದ್ರು ನೋಡ್ರಿ, ಇದ್ದಲಿ ಇಲ್ಲದ ಡಬ್ಬಿ ಹಿಡಕೊಂಡು.

ಬಾವಿ ಹತ್ರ ಬಂತು. ನಾಯಿ ಒದರಾಕತ್ತಿದ್ವು, ಒಮ್ಮಿಗೇ ಬಂದ್ ಆದ್ವು. ಆಮ್ಯಾಲ ಬಾವಿ ಗಡಗಡಿ ಸಪ್ಪಳ.

ಕಿರ್ರ್... ಕಿರ್ರ್...

ಹಗ್ಗಾ ಇದ್ದಿದ್ದಿಲ್ಲ ಅದಕ್ಕ. ಗಾಳಿ ಅನ್ನೂದಂತೂ ಇದ್ದಿದ್ದ ಇಲ್ಲ. ವಿದ್ಯಾ ಗಂಡನ ಅಂಗಿ ಹಿಡಕೊಂಡ್ಲು. ಇಬ್ಬರೂ ಬಾವಿ ದಾಟಿದ್ರು. ಗಡಗಡಿ ನಿಂತು... ಹಿಂದ ಇನ್ನೊಂದು ಸಪ್ಪಳ ಸುರು ಆತು.

ತಪ್... ತಪ್... ತಪ್...

ಹಸಿ ಕಾಲು ಕಲ್ಲಿನ ಮ್ಯಾಲ ಇಟ್ಟಂಗ. ಸಣ್ಣ ಕಾಲು. ಇವರು ನಿಂತ್ರ ಅದೂ ನಿಲ್ತಿತ್ತು.

"ರೀ... ಕೇಳಾಕತ್ತೈತೇನು?"

"ಹೂಂ. ತಿರಗಬ್ಯಾಡ."

"ಅವ್ವಾ..."

ಗೀತಾನ ದನಿ. ಹೆತ್ತಾಕಿಗೆ ತಪ್ಪತೈತೇನ್ರಿ? ಅತ್ತು ಅತ್ತು ಒಡದ ದನಿ, ನಡುನಡುವ ಮೂಗು ಏರಸೂದು.

"ಅವ್ವಾ... ಕಾಲು ನೋಯಾಕತ್ತಾವ. ಎತ್ಕೋ."

ಮೈಲಾರಿ ಆಕಿ ರಟ್ಟಿ ಗಟ್ಟಿ ಹಿಡದ. "ನಮ್ಮ ಕೂಸು ಮನ್ಯಾಗ ಮಕ್ಕೊಂಡೈತಿ. ಇದು ಗೀತಾ ಅಲ್ಲ. ತಿರಗಿದ್ರ ಇದು ನಮ್ಮ ಜೋಡಿ ಮನಿ ಮಟಾ ಬರ್ತೈತಿ. ಕೂಸಿಗೆ ಮೊದಲ ಜ್ವರಾ, ತಿಳಕೋ."

ಅದ ಮಾತಿಗೆ ವಿದ್ಯಾ ಕುತ್ತಿಗಿ ಸೆಟಸ್ಕೊಂಡು ನಡದ್ಲು. ಕಣ್ಣೀರು ಹರ್ಯಾಕತ್ತಿದ್ವು, ಒರಸ್ಕೊಳ್ಳಾಕ ಸುದ್ದಾ ನಿಲ್ಲಲಿಲ್ಲ.

"ಅವ್ವಾ, ಜಾಮೂನು ತಂದೀಯಿಲ್ಲೋ?"

ಯಪ್ಪಾ... ಆ ಮಾತು ಆಕಿ ಮಗಳ ಕಿವ್ಯಾಗ ಹೇಳಿದ್ದು. ಗಂಡಗೂ ಗೊತ್ತಿದ್ದಿಲ್ಲ ಅದು.

"ಡಬ್ಬಿ ಒಗಿ," ಅಂದ ಮೈಲಾರಿ. "ಒಗದು ಬಾ. ತಿರಗಬ್ಯಾಡ."

ಒಗ್ಯಾಕ ಮನಸ್ಸ ಬರಲಿಲ್ಲ ಆಕಿಗೆ. ಯಾರದರೆ ಆಗಲಿ, ದನಿ ಮಗಳದು. ನಿಂತಲ್ಲೇ ಮುಚ್ಚಳಾ ತಗದ್ಲು, ಬಗ್ಗಿ ಡಬ್ಬಿ ಕಾಲ ಹಿಂದ ಇಟ್ಲು. ಇಟ್ಟ ಕೈಮ್ಯಾಲ ತಣ್ಣನ್ನ ಉಸರು ಬಡದಂಗ ಆತಂತ. ಚಟ್ಟನ ಕೈ ಎಳಕೊಂಡು ನಡದ್ಲು. ಹಿಂದ ಬಟ್ಲಾ ಟಿಣ್ ಅಂತು. ಆಮ್ಯಾಲ ಬಟ್ಟು ಚೀಪೂ ಸಪ್ಪಳ... ಚಪ್... ಚಪ್...

ಓಣಿ ತಿರವಿನ್ಯಾಗ ಇನ್ನೊಮ್ಮೆ ಕೇಳಸ್ತು, ದೂರದಿಂದ. "ಅವ್ವಾ, ಕತ್ತಲಿ ಐತಿ... ಬಿಟ್ಟು ಹೋಗಬ್ಯಾಡ..."

ವಿದ್ಯಾ ಎರಡೂ ಕಿವಿ ಮುಚ್ಚಿಕೊಂಡು ಓಡಿದ್ಲು.

ಮನಿ ಬಾಗಲಾ ಬಡದ್ರು, ಬಡದ್ರು. ಎಷ್ಟೋ ಹೊತ್ತಿಗೆ ಒಳಗಿನ ಚಿಲಕ ಖಟ್ ಅಂತು. ಶರಣವ್ವ ಕಂದೀಲ ಹಿಡಕೊಂಡು ನಿಂತಿದ್ಲು. "ಇಷ್ಟೊತ್ತಿನ್ಯಾಗ ಯಾಕ ಬಂದ್ರಿ? ಹುಡುಗಿ ಮಿಸಕ್ಯಾಡಿಲ್ಲ, ನನ್ನ ಮಗ್ಗಲದಾಗ ಮಕ್ಕೊಂಡೈತಿ."

ಖರೇನ ಮಕ್ಕೊಂಡಿತ್ತು. ಕೌದಿ ಹೊತಗೊಂಡು, ಗ್ವಾಡಿ ಕಡೆ ಮಾರಿ ಮಾಡಿ. ವಿದ್ಯಾ ಹಣಿ ಮುಟ್ಟಿ ನೋಡಿದ್ಲು, ಜ್ವರಾ ಇದ್ದಿದ್ದಿಲ್ಲ. ಅಲ್ಲೇ ಕುಂತು ಹೋ ಅಂತ ಅತ್ತುಬಿಟ್ಲು. ಬದುಕಿದ್ವಿ, ನಮ್ಮ ಕೂಸು ಮನ್ಯಾಗ ಐತಿ, ಅಂತ. ಮಗಳ ಕೈ ಹಿಡದು ಮುದ್ದು ಕೊಡಾಕ ಹೋದ್ಲು... ಬಟ್ಟು ಅಂಟಂಟು. ಕಂದೀಲ ಹತ್ರ ತಂದು ನೋಡಿದ್ರ, ಕೈತುಂಬ ಇರವಿ. ಹಾಸಗಿ ಗುಂಟ ಸಾಲ ಹಿಡದಿದ್ವು.

"ಅತ್ತಿ, ಸೀ ಏನರೆ ಕೊಟ್ಟಿದ್ರಿ?"

"ಯವ್ವಾ, ಜ್ವರದಾಗ ಸೀ ಕೊಡ್ಲೇನು? ಗಂಜಿ ಬಿಟ್ರ ಏನೂ ಕೊಟ್ಟಿಲ್ಲ."

ಮೂರೂ ಮಂದಿ ಬೆಳತನಾ ಕಣ್ಣು ಮುಚ್ಚಲಿಲ್ಲ. ಬೆಳಕ ಹರದಮ್ಯಾಲ ಮೈಲಾರಿ ಫಕ್ರುಸಾಬನ ಜೋಡಿ ಮಾಡ್ಕೊಂಡು ಬಾವಿ ಕಡೆ ಹೋದ. ಡಬ್ಬಿ ಇಟ್ಟಲ್ಲೇ ಇತ್ತು. ಕೋಳಿ ತುಂಡು ಹಾಕಿದ್ದು ಹಾಕಿದಂಗ ಇದ್ವು. ಜಾಮೂನಿನ ಬಟ್ಲಾ ಅಷ್ಟ ಖಾಲಿ. ನೀವ ಹೇಳ್ರಿ... ಕರದ ಕೋಳಿ ಬಿಡೂ ದೆವ್ವ ಎಲ್ಲೆರೆ ಕೇಳೀರೇನು?

ಅವ ತಿರಗಿ ಬರೂದರಾಗ ಗೀತಾ ಎದ್ದು ಕುಂತಿದ್ಲು. ಅವ್ವನ ಕಂಡು ನಗಲಿಲ್ಲ, ತೊಡಿ ಮ್ಯಾಲ ಬರಲಿಲ್ಲ. ಸುಮ್ಮನ ನೋಡಿಕೋತ ಕುಂತು, ಒಂದ ಮಾತು ಕೇಳಿದ್ಲು.

"ನಾ ಅಷ್ಟ ಕರದ್ರೂ ನೀ ಯಾಕ ತಿರಗಿ ನೋಡಲಿಲ್ಲ?"



ಕೂಸು ಎದ್ದು ತಾನ ಹೊರಗ ಹೋಗಿರಬೇಕು ಅಂತೀರಿ. ಅನ್ರಿ, ಅನ್ರಿ. ನಾನೂ ಅಂದಿದ್ದೆ. ಮರುದಿನ ಹೋಗಿ ಆ ಬಾಗಲಾ ಕಣ್ಣಾರೆ ನೋಡಿ ಬಂದೇನಿ, ಖರೇ. ಚಿಲಕ ಮ್ಯಾಲಿನ ಚೌಕಟ್ಟಿಗೆ ಐತಿ. ಶರಣವ್ವನೂ ಕಟಗಿ ಮಣಿ ಇಟ್ಟು ಹತ್ತಿ ತಗೀಬೇಕು ಅದನ್ನ.