ಟಾಕಿಗೆ ಹಾಕಿದ ಮಗ್ಗದ ಗಂಟು

೧೯೫೬ರ ಬೇಸಿಗೆ. ರೋಣದಲ್ಲಿ ಗದಗಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಗಜೇಂದ್ರಗಡದ ನೇಕಾರ ಮುದುಕಿ ಸಾವಕ್ಕ ತನ್ನ ಬೀಗತಿ ಸುಶೀಲವ್ವನಿಗೆ, ಡಾಕ್ಟರರ ಕಾರು ಓಡಿಸುವ ಮಗನ ಸುದ್ದಿ ಹೇಳುತ್ತಿದ್ದಳು.

“ಡಾಕ್ಟರ್ ಸಾಹೇಬ್ರ ಕಾರಿನಾಗ ಇಂಜಿನ್ ತಂಪ ಮಾಡೋ ನೀರಿನ ಟಾಕಿ ಸೋರತಿತ್ರಿ. ನಮ್ಮ ಕಳಕಪ್ಪ ಮನಿ ಅಂಗಳದಾಗ ತಾನ ಹೊಸಾದು ಕೂಡಿಸಿದ!”

“ಡ್ರೈವರ್ ಅಂದ್ರ ಬರೇ ಗಾಡಿ ಹೊಡಿಯಾಂವ ಅಂತ ತಿಳದಿದ್ದೆ.”

“ಕೂಡಿಸಿ, ಒಂದು ಕೊಡ ನೀರು ಹಾಕಿದ.”

“ನಿಂತ್ವೇನ್ರಿ ನೀರು?”

“ಎಲ್ಲಿ ನಿಲ್ತಾವ? ರಬ್ಬರ್ ಕೊಳವಿ ಬಿಗಿಯೋ ಪಟ್ಟಿ ಮುರದಿತ್ತು. ತಲಿ ಮ್ಯಾಲೆ ಕೈ ಹೊತ್ತು ಕುಂತ.”

“ಮುಂದ?”

“ನಾ ಮಗ್ಗ ಬಿಟ್ಟು ಎದ್ದು ಬಂದೆ. ಹಾಸಿನ ನೂಲು ಹುರಿ ಮಾಡಿ, ಕೊಳವಿಗೆ ಹತ್ತು ಸುತ್ತು ಸುತ್ತಿ ನಮ್ಮ ಮಗ್ಗದ ಗಂಟು ಹಾಕಿದೆ. ಕಾರು ಸೂಡಿ ಊರಿಗೆ ಹೋಗಿ ಬಂದ್ರೂ ಒಂದು ಹನಿ ಬೀಳಲಿಲ್ಲ.”

“ಹಂಗಾರ ಟಾಕಿ ಕೂಡಿಸಿದಾಕಿ ನೀವ ಅನ್ರಿ!”

“ಏ, ಕೆಲಸ ಎಲ್ಲಾ ಅವಂದ. ಗಂಟು ಮಾತ್ರ ನಂದು.”

ಬಸ್ಸು ಬಂದು ನಿಂತಿತು. ಅದರ ಮೂತಿಯ ಕೆಳಗೆ ನೀರು ತೊಟ್ಟಿಕ್ಕುತ್ತಿತ್ತು. ಎಲ್ಲರೂ ಬಾಗಿಲಿಗೆ ನುಗ್ಗಿದರು. ಸಾವಕ್ಕ ಸೊಂಟದ ಸಂಚಿಯಿಂದ ನೂಲಿನ ಉಂಡೆ ತೆಗೆದು, ನೇರವಾಗಿ ಡ್ರೈವರನ ಕಡೆ ನಡೆದಳು.

“ಇಂಜಿನ್ ಮುಚ್ಚಳ ಎತ್ತಪ್ಪಾ ತಮ್ಮಾ, ನೋಡೂಣು.”